ಗವರ್ನರ್ ಸ್ಕ್ರೂಗೆ ಸ್ಪ್ಯಾನರ್ ಹಾಕುವ ಮುನ್ನ

ಲೋಡಿಲ್ಲದೆ ನಿಂತ ಹಳೆಯ ಡೀಸೆಲ್ ಟ್ರ್ಯಾಕ್ಟರ್ ಆಕ್ಸಿಲರೇಟರ್ ಮುಟ್ಟದಿದ್ದರೂ ಗುಂಯ್... ಗುಂಯ್... ಎಂದು ರೇಸ್ ಏರಿಸಿ ಇಳಿಸತೊಡಗಿದರೆ, ಹೆಚ್ಚಿನವರ ಕೈ ನೇರವಾಗಿ ಡೀಸೆಲ್ ಪಂಪಿನ ಹಿಂದೆ, ವೇಗ ಹಿಡಿದಿಡುವ ಗವರ್ನರಿನ ಸ್ಕ್ರೂಗೆ ಹೋಗುತ್ತದೆ. ಅತ್ತ ಅರ್ಧ ಸುತ್ತು, ಇತ್ತ ಒಂದು ಸುತ್ತು. ಸಂಜೆಯ ಹೊತ್ತಿಗೆ ಮೊದಲಿದ್ದ ಸೆಟ್ಟಿಂಗೂ ಹೋಗಿರುತ್ತದೆ, ಏರಿಳಿತವೂ ನಿಂತಿರುವುದಿಲ್ಲ. ಆ ಸ್ಕ್ರೂ ಕೊನೆಯ ಕೆಲಸ.

ಇಲ್ಲಿರುವುದು ಇನ್‌ಲೈನ್ ಪಂಪಿನ ಮಾತು, ಅಂದರೆ ಪ್ರತಿ ಸಿಲಿಂಡರಿಗೂ ಡೀಸೆಲ್ ಒತ್ತುವ ಒಂದೊಂದು ಪ್ಲಂಜರ್ ಸಾಲಾಗಿರುವ ಪಂಪು. ರೋಟರಿ ಪಂಪಾದರೆ ಏರ್ (ಡೀಸೆಲ್ ದಾರಿಯಲ್ಲಿ ಸೇರಿದ ಗಾಳಿ) ತೆಗೆದು ನೋಡಿ. ಅದಕ್ಕೂ ಬಗ್ಗದಿದ್ದರೆ ಪಂಪ್ ಪರೀಕ್ಷಿಸುವ ಬೆಂಚ್ ಇರುವವರ ಕೈಗೆ ಕೊಡಿ.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಪಕ್ಕದಲ್ಲೊಂದು ಹಲಗೆ ತುಂಡು ಇರಲಿ. ಪಂಪಿಗೆ ಕೈಹಾಕಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ರೇಸ್ ಕೈಮೀರಿದರೆ ಗಾಳಿ ಎಳೆಯುವ ಬಾಯಿಯನ್ನು ಅದರಿಂದ ಮುಚ್ಚಬೇಕು, ಅಂಗೈಯಿಂದಲ್ಲ.

ಮೊದಲು ಏರ್. ಫಿಲ್ಟರಿನ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಡೀಸೆಲ್ ತುಂಬುವ ಕೈಪಂಪಾದ ಪ್ರೈಮರ್ ಒತ್ತುತ್ತಾ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಬಿಡಿ. ಆಮೇಲೆ ಪಂಪಿನ ಸ್ಕ್ರೂನಲ್ಲೂ ಹಾಗೆಯೇ. ಮರುದಿನ ಮತ್ತೆ ಗುಳ್ಳೆ ಬಂದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ. ಪೈಪಿನ ತುದಿ ಸೇರಿಸುವ ತೂತುಳ್ಳ ಬ್ಯಾಂಜೋ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿ. ಟೆಫ್ಲಾನ್ ಟೇಪು ಮಾತ್ರ ಬೇಡವೇ ಬೇಡ: ಅದರ ಎಳೆ ಕಿತ್ತು ಬಂದರೆ ಹೋಗಿ ಸಿಕ್ಕಿಕೊಳ್ಳುವುದು ಪಂಪಿನೊಳಗೆ.

ಏರ್ ಇಲ್ಲದಿದ್ದರೂ ಏರಿಳಿತ ಉಳಿದಿದೆಯೇ? ಸ್ಟಾಪ್ ಲಿವರನ್ನು ಮೆಲ್ಲಗೆ ಎಳೆದು, ರೇಸ್ ಏರಲು ಬಿಡದಂತೆ ಹಿಡಿದುಕೊಳ್ಳಿ. ಹಿಡಿದಾಗ ಎಂಜಿನ್ ಸಮನಾಗಿ ಓಡಿ, ಬಿಟ್ಟೊಡನೆ ಮತ್ತೆ ತೂಗಾಡಿದರೆ ತಪ್ಪು ಗವರ್ನರ್ ಕಡೆಯದು. ಹಿಡಿದರೂ ತಾಳತಪ್ಪಿ ಓಡಿದರೆ ಡೀಸೆಲ್ ಚಿಮ್ಮಿಸುವ ನಾಜಲ್, ಫಿಲ್ಟರ್ ನೋಡಿ.

ಜನ ಎಡವುವುದು ಇದರ ಮುಂದೆ. ಗವರ್ನರಿನ ತೂಕದ ಗುಂಡುಗಳು ವೇಗ ಹೆಚ್ಚಿದಾಗ ಅಗಲವಾಗಿ, ಡೀಸೆಲ್ ಪ್ರಮಾಣ ಬದಲಿಸುವ ಸರಳಾದ ರ‍್ಯಾಕನ್ನು ಡೀಸೆಲ್ ಕಡಿಮೆಯಾಗುವ ಕಡೆಗೆ ತಳ್ಳುತ್ತವೆ, ಸ್ಪ್ರಿಂಗ್ ವಾಪಸ್ ಎಳೆಯುತ್ತದೆ. ನಡುವೆ ಎಲ್ಲಾದರೂ ಬಿಗಿ ಇದ್ದರೆ ರ‍್ಯಾಕ್ ತಡವಾಗಿ ಹೊರಡುತ್ತದೆ, ಹೊರಟಾಗ ಬೇಕಾದ್ದಕ್ಕಿಂತ ಮುಂದೆ ಹೋಗುತ್ತದೆ. ಪಿನ್ನಿನಲ್ಲಿ ಆಟ (ಸವೆದು ಬಂದ ಸಡಿಲ) ಇದ್ದರೂ ಫಲ ಅದೇ. ಹಾಗಾಗಿ ಹುಡುಕಬೇಕಾದ್ದು ಎರಡೇ, ಬಿಗಿ ಮತ್ತು ಆಟ.

ಎಂಜಿನ್ ನಿಲ್ಲಿಸಿ, ಪಂಪಿನ ಪಕ್ಕದ ಮುಚ್ಚಳ ಬಿಚ್ಚಿ, ರ‍್ಯಾಕನ್ನು ಬೆರಳಿನಿಂದ ಹಿಂದೆ ಮುಂದೆ ಸರಿಸಿ. ಬೆಣ್ಣೆಯಲ್ಲಿ ಚಾಕು ಆಡಿದಂತಿರಬೇಕು. ಒಂದೇ ಕಡೆ ನೋಡಿ ಮುಗಿಸಬೇಡಿ. ಎಂಜಿನನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕೈದು ಸ್ಥಾನಗಳಲ್ಲಿ ನೋಡಿ. ಒಂದು ಸ್ಥಾನದಲ್ಲಿ ಸಲೀಸಾಗಿ ಜಾರುವ ರ‍್ಯಾಕ್ ಇನ್ನೊಂದರಲ್ಲಿ ಕಚ್ಚಿಕೊಳ್ಳಬಹುದು. ನೀರು ಬೆರೆತ ಡೀಸೆಲಿನ ತುಕ್ಕು, ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಕಟ್ಟಿದ ಅಂಟು ಸಾಮಾನ್ಯ ಕಾರಣಗಳು. ಯಾರೂ ಊಹಿಸದ ಕಾರಣ ಇನ್ನೊಂದಿದೆ: ಸೋರುತ್ತದೆಂದು, ನಾಜಲಿನ ಪೈಪು ಸೇರುವ ಡೆಲಿವರಿ ವಾಲ್ವ್ ಹೋಲ್ಡರನ್ನು ಉದ್ದ ಸ್ಪ್ಯಾನರ್ ಹಾಕಿ ಬಿಗಿದರೆ ಒಳಗಿನ ಬ್ಯಾರಲ್ (ಪ್ಲಂಜರ್ ಆಡುವ ಕೊಳವೆ) ತುಸು ಸೊಟ್ಟಗಾಗಿ ಪ್ಲಂಜರ್ ಹಿಡಿಯುತ್ತದೆ. ಮ್ಯಾನುಯಲಿನಲ್ಲಿರುವ ಟಾರ್ಕಿಗೆ ಮಾತ್ರ ಬಿಗಿಯಿರಿ. ರ‍್ಯಾಕಿಗೆ ಎಮೆರಿ ಪೇಪರ್ ಮುಟ್ಟಿಸಬೇಡಿ, ಶುದ್ಧ ಡೀಸೆಲ್ಲಿನಲ್ಲಿ ತೊಳೆದರೆ ಸಾಕು.

ಆಮೇಲೆ ಆಟ. ರ‍್ಯಾಕಿಗೆ ಸೇರುವ ಕೊಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ರ‍್ಯಾಕ್ ಕದಲದೆ ಕೊಂಡಿಯೊಂದೇ ಟಕ್ ಟಕ್ ಎಂದರೆ ಪಿನ್ನು ಸವೆದಿದೆ, ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆ. ಗುಂಡುಗಳ ಪಿನ್ನು, ಥ್ರಸ್ಟ್ ಬೇರಿಂಗ್ ಕೂಡ ನೋಡಿ. ಗುಂಡುಗಳನ್ನು ಸೆಟ್ಟಾಗಿಯೇ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಕೂಡಿದರೆ ಏರಿಳಿತ ಹೋಗದು. ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡುವುದು, ಲಿವರಿಗೆ ಸೈಕಲ್ ಟ್ಯೂಬ್ ಕಟ್ಟುವುದು ರಿಪೇರಿಯಲ್ಲ. ಗವರ್ನರಿಗೆ ಪ್ರತ್ಯೇಕ ಎಣ್ಣೆ ಇರುವ ಪಂಪಾದರೆ ಹಳೆಯದನ್ನು ಇಳಿಸಿ. ಡೀಸೆಲ್ ಬೆರೆತು ನೀರಾಗಿರುವುದೇ ಹೆಚ್ಚು. ಲೆವೆಲ್ ಪ್ಲಗ್ ಮಟ್ಟಕ್ಕೆ ಹೊಸದು ಹಾಕಿ, ಮೇಲೆ ಬೇಡ.

ಗಾಳಿಯ ಎಳೆತದಿಂದ ನಡೆಯುವ ಡಯಾಫ್ರಂ ಗವರ್ನರ್ ಇದ್ದರೆ ಪರೀಕ್ಷೆ ಸುಲಭ. ಎಂಜಿನ್ ನಿಂತಿರುವಾಗ ಸ್ಟಾಪ್ ಲಿವರ್ ಪೂರ್ತಿ ಎಳೆದು, ವ್ಯಾಕ್ಯೂಮ್ ಪೈಪು ಸೇರುವ ಬಾಯಿಗೆ ಒದ್ದೆ ಹೆಬ್ಬೆರಳು ಒತ್ತಿ, ಲಿವರ್ ಬಿಡಿ. ರ‍್ಯಾಕ್ ತುಸು ಸರಿದು ಅಲ್ಲೇ ತಡೆದು ನಿಲ್ಲಬೇಕು. ಸರ್ರನೆ ಪೂರ್ತಿ ಹಿಂದಕ್ಕೆ ಹೋದರೆ ಡಯಾಫ್ರಂ ಹರಿದಿದೆ. ಆ ಪೈಪು ಕಳಚಿಟ್ಟು ಎಂಜಿನ್ ಸ್ಟಾರ್ಟ್ ಮಾಡಬೇಡಿ, ರೇಸ್ ಹಿಡಿತಕ್ಕೇ ಸಿಗದು.

ಈಗ ಸ್ಕ್ರೂ. ಮೊದಲು ಮಾರ್ಕ್ ಹಾಕಿ. ಲಾಕ್ ನಟ್ ಸಡಿಲಿಸಿ, ಲೋಡಿಲ್ಲದಾಗಿನ ತೂಗಾಟ ತಡೆಯುವ ಐಡ್ಲಿಂಗ್ ಡ್ಯಾಂಪರ್ ಸ್ಕ್ರೂವನ್ನು ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ಒಳಗೆ ತಿರುಗಿಸಿ, ಅರ್ಧ ನಿಮಿಷ ಕಾಯಿರಿ. ಏರಿಳಿತ ನಿಂತ ಕಡೆಯೇ ನಿಲ್ಲಿಸಿ. ಅತಿಯಾದರೆ ರೇಸ್ ಕೆಳಗಿಳಿಯುವುದಿಲ್ಲ. ಸೀಸದ ಸೀಲ್ ಹಾಕಿದ ಗರಿಷ್ಠ ವೇಗದ ಸ್ಕ್ರೂ ಇದಲ್ಲ, ಅದನ್ನು ಮುಟ್ಟಬೇಡಿ. ಲಾಕ್ ನಟ್ ಬಿಗಿದು, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಒಮ್ಮೆಲೇ ಬಿಡಿ: ಒಂದೆರಡು ಸಲ ತೂಗಿ ನಿಂತರೆ ಸರಿ, ಮೂರನೆಯ ಸಲವೂ ತೂಗಿದರೆ ಮತ್ತೆ ಮುಚ್ಚಳ ಬಿಚ್ಚಿ ಪಿನ್ನು ನೋಡಿ.