ಹಳ್ಳಿ ಮನೆಗೆ ಸೋಲಾರ್ ಮತ್ತು ಬ್ಯಾಟರಿ: ನಾನು ಹಾಕಿಕೊಂಡ ಬಗೆ, ಲೆಕ್ಕದ ಸಮೇತ

ಸೋಲಾರ್ ಹಾಕಿಸಿದರೆ ಬಿಲ್ ಎಷ್ಟು ಉಳಿಯುತ್ತದೆ ಅಂತ ಕೇಳುವವರೇ ಹೆಚ್ಚು. ನಮ್ಮ ಕಲಬುರಗಿ ಕಡೆಯ ಹಳ್ಳಿ ಮನೆಗಳ ಮಟ್ಟಿಗೆ ಉತ್ತರ ಸರಳ: ಏನೂ ಉಳಿಯುವುದಿಲ್ಲ. 2023ರ ಜುಲೈಯಿಂದ ಗೃಹಜ್ಯೋತಿ ಇದೆ. ಸರಾಸರಿ ಬಳಕೆಗೆ ಒಂದಿಷ್ಟು ಸೇರಿಸಿ, 200 ಯೂನಿಟ್ ಮೀರದಂತೆ, ಬಿಲ್ ಸೊನ್ನೆ. ಬಾರದ ಬಿಲ್ಲನ್ನು ಉಳಿಸುವುದು ಹೇಗೆ? ಇಲ್ಲಿ ಸೋಲಾರ್ ಬೇಕಾಗುವುದು ಬಿಲ್ಲಿಗಲ್ಲ, ರಾತ್ರಿಗೆ. ಏಪ್ರಿಲ್-ಮೇ ತಿಂಗಳಲ್ಲಿ ಗಾಳಿ ಎದ್ದು, ನಾಲ್ಕು ಹನಿ ಬಿದ್ದು, ಕರೆಂಟು ಹೋಗಿ, ಒಳಗೆ 35 ಡಿಗ್ರಿ ಸೆಕೆಯಲ್ಲಿ ಮಕ್ಕಳು ಮುದುಕರು ಹೊರಳಾಡುತ್ತಾರಲ್ಲ, ಆ ರಾತ್ರಿಗೆ. ಹೊಲದ ಮನೆಯವರಿಗಂತೂ ಪಂಪ್‌ಸೆಟ್ ಲೈನಿನ ಕರೆಂಟೇ ಗತಿ. ಹಾಗಾಗಿ ಲೆಕ್ಕವನ್ನು ಬಿಲ್ಲಿನಿಂದ ಅಲ್ಲ, ಬ್ಯಾಟರಿಯಿಂದ ಶುರು ಮಾಡಬೇಕು.

ಸಬ್ಸಿಡಿ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಮಿತಿ. ಆದರೆ ಅದು ಗ್ರಿಡ್‌ಗೆ, ಅಂದರೆ ಕರೆಂಟಿನ ಲೈನಿಗೆ, ಜೋಡಿಸುವ ವ್ಯವಸ್ಥೆಗೆ. ಬ್ಯಾಟರಿ ಇಲ್ಲದ ಗ್ರಿಡ್-ಟೈ ಇನ್ವರ್ಟರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್ ಜೀವ ಉಳಿಸಲು ಅದನ್ನು ಹಾಗೆಯೇ ಮಾಡಿರುತ್ತಾರೆ. ಮಟಮಟ ಮಧ್ಯಾಹ್ನ, ಮಾಳಿಗೆ ಮೇಲೆ ಪ್ಯಾನಲ್ ಕಾಯುತ್ತಿದ್ದರೂ ಕೆಳಗೆ ಫ್ಯಾನ್ ತಿರುಗುವುದಿಲ್ಲ. ನಾನು ಸಬ್ಸಿಡಿ ಬಿಟ್ಟು, ಲೈನಿಗೆ ಕರೆಂಟು ಕಳಿಸದ, ಲೈನಿನಿಂದ ಬೇಕಾದಾಗ ಮಾತ್ರ ತೆಗೆದುಕೊಳ್ಳುವ 3 ಕೆವಿಎ, 24 ವೋಲ್ಟ್ ಇನ್ವರ್ಟರ್ ಹಾಕಿದೆ.

ಬೇಸಿಗೆ ರಾತ್ರಿಯ ಲೆಕ್ಕ ಹೀಗೆ. ಕಡಿಮೆ ಕರೆಂಟು ತಿನ್ನುವ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಮೂರು, 9 ತಾಸು: 810 ವ್ಯಾಟ್-ಅವರ್. ಎಲ್‌ಇಡಿ ಬಲ್ಬುಗಳಿಗೆ 200. ಸಣ್ಣ ಫ್ರಿಜ್ ರಾತ್ರಿ ಪಾಲು 550. ಟಿವಿ 2 ತಾಸು, 120. ನಮ್ಮಲ್ಲಿ ಬಿಡಲಾಗದ್ದು ಕೂಲರ್, 150 ವ್ಯಾಟ್, 7 ತಾಸಿಗೆ 1,050. ಒಟ್ಟು 2,730. ಇನ್ವರ್ಟರ್ ತಾನೇ ತಿನ್ನುವ ಪಾಲು ಸೇರಿಸಲು 0.85ರಿಂದ ಭಾಗಿಸಿದರೆ ಸುಮಾರು 3,200 ವ್ಯಾಟ್-ಅವರ್. ಇದೇ ಮೂರು ಫ್ಯಾನು ಹಳೇ 75 ವ್ಯಾಟಿನವಾದರೆ ಒಂದೇ ರಾತ್ರಿಗೆ 1,215 ವ್ಯಾಟ್-ಅವರ್ ಹೆಚ್ಚು. ಬ್ಯಾಟರಿ ದೊಡ್ಡದು ಮಾಡುವ ಮುಂಚೆ ಫ್ಯಾನ್ ಬದಲಿಸಿ; ಅದೇ ಅಗ್ಗ.

3,200ಕ್ಕೆ ಎರಡು ದಾರಿ. ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಆದರೆ 25.6 ವೋಲ್ಟ್, 150 ಆಂಪಿಯರ್-ಅವರ್ (ಎಎಚ್) ಬ್ಯಾಟರಿ ಒಂದು ಸಾಕು. ಅದರಲ್ಲಿ 3,840 ವ್ಯಾಟ್-ಅವರ್ ಇರುತ್ತದೆ, ಶೇ 84ರಷ್ಟು ಬಳಸಿದಂತಾಯಿತು. ಟ್ಯೂಬುಲರ್ ಲೆಡ್-ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. 12 ವೋಲ್ಟ್ 150 ಎಎಚ್‌ನ ನಾಲ್ಕು ಬೇಕು, ಎರಡೆರಡು ಸೀರೀಸ್ (ಒಂದರ ಹಿಂದೆ ಒಂದು, ವೋಲ್ಟ್ ಕೂಡುವಂತೆ) ಮಾಡಿ, ಆ ಜೋಡಿಗಳನ್ನು ಪ್ಯಾರಲಲ್ (ಪಕ್ಕಪಕ್ಕ, ಎಎಚ್ ಕೂಡುವಂತೆ). ಲೆಡ್-ಆಸಿಡ್ ಕೊಳ್ಳುವಾಗ 150 ಎಎಚ್ ಎನ್ನುವುದು ಸಿ10 (10 ತಾಸಿನಲ್ಲಿ ಖಾಲಿ ಮಾಡುವ) ಲೆಕ್ಕವೋ ಸಿ20 (20 ತಾಸಿನ) ಲೆಕ್ಕವೋ ಕೇಳಿ. ಸಿ20ಯ 150 ಎಎಚ್, 10 ತಾಸಿನಲ್ಲಿ ಖಾಲಿ ಮಾಡಿದರೆ 150 ಕೊಡುವುದಿಲ್ಲ.

ನಾನು ಎಲ್‌ಎಫ್‌ಪಿ ಆರಿಸಿದ್ದಕ್ಕೆ ದೊಡ್ಡ ಕಾರಣ ಇಲ್ಲಿನ ಬಿಸಿಲು. ಲೆಡ್-ಆಸಿಡ್ ಬ್ಯಾಟರಿಯ ಆಯುಷ್ಯ 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಸುಮಾರು ಅರ್ಧ ಆಗುತ್ತದೆ. ಜೊತೆಗೆ ಡಿಸ್ಟಿಲ್ಡ್ ನೀರಿನ ರಗಳೆ. ನಮ್ಮದು ಸುಣ್ಣಕಲ್ಲಿನ ಸೀಮೆ, ಬೋರಿನ ನೀರು ಹಾಕಿದರೆ ಪ್ಲೇಟು ಹಾಳು. ಆರ್‌ಒ ನೀರೂ ಡಿಸ್ಟಿಲ್ಡ್ ಅಲ್ಲ. ಲೆಡ್-ಆಸಿಡ್ಡೇ ಸಾಕು ಅನ್ನುವವರು ಇನ್ವರ್ಟರಿನಲ್ಲಿ ಟೆಂಪರೇಚರ್ ಸೆನ್ಸರ್ ಇದೆಯೇ ನೋಡಿ. 25 ಡಿಗ್ರಿ ದಾಟಿದ ಮೇಲೆ ಚಾರ್ಜಿಂಗ್ ವೋಲ್ಟೇಜನ್ನು ಸೆಲ್ಲಿಗೆ, ಡಿಗ್ರಿಗೆ 3 ಮಿಲಿವೋಲ್ಟ್ ಇಳಿಸಬೇಕು. 24 ವೋಲ್ಟಿಗೆ 12 ಸೆಲ್, ಕೋಣೆ 40 ಡಿಗ್ರಿ ಇದ್ದರೆ 0.54 ವೋಲ್ಟ್ ಕಡಿಮೆ. ಅಂದರೆ 28.8 ಇದ್ದದ್ದು 28.3ರ ಹತ್ತಿರ. ಸೆನ್ಸರ್ ಇಲ್ಲದಿದ್ದರೆ ಮಾರ್ಚ್‌ನಲ್ಲಿ ಕೈಯಾರೆ ಇಳಿಸಿ, ಜೂನ್ ಮುಗಿದ ಮೇಲೆ ಏರಿಸಿ.

ಬ್ಯಾಟರಿ, ಇನ್ವರ್ಟರ್ ಎಲ್ಲಿಡಬೇಕು? ತಗಡಿನ ಕೋಣೆಯಲ್ಲಿ ಬೇಡ; ಮೇ ತಿಂಗಳಲ್ಲಿ ಅಲ್ಲಿನ ಕಾವಿಗೆ ಬಿಎಂಎಸ್ (ಬ್ಯಾಟರಿ ಒಳಗಿನ ಕಾವಲು ಸರ್ಕ್ಯೂಟ್) ಚಾರ್ಜಿಂಗನ್ನೇ ನಿಲ್ಲಿಸಬಹುದು. ಹಳೇ ಕಲ್ಲು-ಮಣ್ಣಿನ ಗೋಡೆಯ ಒಳಕೋಣೆ ಎಲ್ಲಕ್ಕಿಂತ ತಂಪು. ಆದರೆ ಅದೇ ಕೋಣೆಯಲ್ಲಿ ತೊಗರಿ, ಜೋಳದ ಚೀಲ ಒಟ್ಟಿದ್ದರೆ ಬೇಡ. ಹುಳಕ್ಕೆ ಅಂತ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಏಳುವ ಫಾಸ್ಫೀನ್ ಅನಿಲ ತಾಮ್ರವನ್ನು ತಿನ್ನುತ್ತದೆ. ಇನ್ವರ್ಟರಿನ ಬೋರ್ಡು, ಲಗ್ಗು (ಕೇಬಲ್ ತುದಿಗೆ ಒತ್ತುವ ಬಳೆ), ರಿಲೇ ಎಲ್ಲ ಕಪ್ಪಾಗಿ ಕೆಟ್ಟಮೇಲೂ ಕಾರಣ ಯಾರಿಗೂ ಹೊಳೆಯುವುದಿಲ್ಲ. ಆ ಅನಿಲ ಮನುಷ್ಯರಿಗೂ ವಿಷವೇ, ಅಂಥ ಕೋಣೆಯಲ್ಲಿ ಮಲಗುವುದೇ ತಪ್ಪು. ಚೀಲ ಇದ್ದಲ್ಲಿ ಇಲಿಯೂ ಇರುತ್ತದೆ, ವೈರ್ ಕಡಿಯುತ್ತದೆ.

ಪ್ಯಾನಲ್ 540 ವ್ಯಾಟಿನ ಮೋನೋ ಪರ್ಕ್, ನಾಲ್ಕು. ಒಟ್ಟು 2.16 ಕಿಲೋವ್ಯಾಟ್. ಬಿಸಿಲಿನ ದಿನ ಕಿಲೋವ್ಯಾಟಿಗೆ 4 ಯೂನಿಟ್ ಅಂತ ಬಿಗಿಯಾಗಿ ಹಿಡಿದರೂ ಎಂಟೂವರೆ. ಬೇಸಿಗೆಯಲ್ಲಿ ಹಗಲು-ರಾತ್ರಿ ಸೇರಿ ಬೇಕಾಗುವುದು ಐದೂವರೆ ಅಷ್ಟೇ. ಹೆಚ್ಚಿನದು ಆಷಾಢ-ಶ್ರಾವಣದ ಮೋಡಕ್ಕೆ. ಆಗ ಕೆಟ್ಟ ದಿನ ಕಿಲೋವ್ಯಾಟಿಗೆ 2 ಯೂನಿಟ್ ಬಂದರೂ 4.3 ಆಗುತ್ತದೆ. ಕೂಲರ್ ಇಲ್ಲದ ಆ ದಿನಗಳಿಗೆ ಮೂರೂವರೆ ಸಾಕು.

ಮೂರು ಪ್ಯಾನಲ್ ಸೀರೀಸ್ ಮಾಡಿದರೆ ಸಾಕಲ್ಲ ಅಂತ ಹಲವರು ಹೇಳುತ್ತಾರೆ. ಇಲ್ಲಿ ಎಚ್ಚರ ಬೇಕು. ಈ ಇನ್ವರ್ಟರಿನ ಎಂಪಿಪಿಟಿ (ಪ್ಯಾನಲ್ ಕರೆಂಟನ್ನು ಬ್ಯಾಟರಿಗೆ ಹೊಂದಿಸುವ ಭಾಗ) ತಡೆಯುವುದು 145 ವೋಲ್ಟ್. ಪ್ಯಾನಲ್‌ನ ಓಪನ್ ಸರ್ಕ್ಯೂಟ್ (ಏನೂ ಜೋಡಿಸದಾಗಿನ) ವೋಲ್ಟೇಜ್ 49.5, ಮೂರಕ್ಕೆ 148.5, ಅದೂ 25 ಡಿಗ್ರಿಯಲ್ಲಿ. ಡಿಸೆಂಬರ್-ಜನವರಿಯಲ್ಲಿ ಬೀದರ್ ಕಡೆ ಬೆಳಗ್ಗೆ 10 ಡಿಗ್ರಿ ಆಸುಪಾಸಿಗೆ ಇಳಿದಾಗ, ಡಿಗ್ರಿಗೆ ಶೇ 0.27ರಂತೆ ಶೇ 4 ಏರಿ 154 ದಾಟುತ್ತದೆ. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಇನ್ವರ್ಟರ್ ಸುಡುತ್ತದೆ, ಗ್ಯಾರಂಟಿಯೂ ಸಿಗುವುದಿಲ್ಲ. ಎರಡೆರಡು ಸೀರೀಸ್ ಮಾಡಿದರೆ 99, ಚಳಿಯಲ್ಲೂ 103. ಆದ್ದರಿಂದ ಎರಡರ ಎರಡು ಸಾಲು. ಸಾಲು ಎರಡೇ ಇದ್ದರೆ ಸಾಲಿಗೊಂದು ಫ್ಯೂಸ್ ಬೇಕಿಲ್ಲ, ಮೂರಾದರೆ ಬೇಕೇ ಬೇಕು.

ಇನ್ನು ಮಾಳಿಗೆ. ಶಹಾಬಾದ್ ಪರಸಿ ಹಾಸಿ, ಮೇಲೆ ಮಣ್ಣು ಹೊಚ್ಚಿದ ಮಾಳಿಗೆಗೆ ಡ್ರಿಲ್ ತಾಗಿಸಬೇಡಿ. ಪರಸಿ ಪದರು ಪದರಾಗಿ ಏಳುವ ಕಲ್ಲು, ಆ್ಯಂಕರ್ ಬೋಲ್ಟ್ ಬಿಗಿದರೆ ಸೀಳುತ್ತದೆ, ಮೊದಲ ಮಳೆಗೇ ಸೋರುತ್ತದೆ. ತೂತು ಬೇಡವೆಂದು ಕಾಂಕ್ರೀಟ್ ಗುಂಡು ಹೇರುವುದೂ ಸರಿಯಲ್ಲ. ನಾಲ್ಕು ಪ್ಯಾನಲ್ ಸೇರಿದರೆ 10 ಚದರ ಮೀಟರ್ ಮೀರುತ್ತದೆ. ಮಳೆಗಾಲಕ್ಕೆ ಮುಂಚಿನ ಬಿರುಗಾಳಿಯನ್ನು ತಡೆಯುವಷ್ಟು ತೂಕ ಹೇರಿದರೆ ಹಳೇ ಮಾಳಿಗೆಯೇ ಕೂತೀತು. ಆರ್‌ಸಿಸಿ ಕೋಣೆ ಒಂದಿದ್ದರೆ ಅದರ ಮೇಲೆ, ಕಾಲುಗಳು ಗೋಡೆ ಅಥವಾ ಬೀಮಿನ ನೇರಕ್ಕೆ ಬರುವಂತೆ ಕೂರಿಸಿ. ಇಲ್ಲವಾದರೆ ಅಂಗಳದಲ್ಲಿ, ನೆಲದ ಮೇಲೆ.

ನೆಲದ ಮೇಲಾದರೆ ಎರೆಮಣ್ಣು ಇನ್ನೊಂದು ತಲೆನೋವು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎರಡು ಅಡಿ ಗುಂಡಿ ತೋಡಿ ಕಂಬ ನಿಲ್ಲಿಸಿದರೆ ಎರಡು ಮಳೆಗಾಲದಲ್ಲಿ ಕಂಬ ಒಂದೊಂದು ದಿಕ್ಕಿಗೆ ವಾಲಿ, ಪ್ಯಾನಲ್ ಚೌಕಟ್ಟು ತಿರುಚಿ, ಗಾಜು ಒಳಗೊಳಗೇ ಸೀಳುತ್ತದೆ. ಬಿರುಕು ಇಳಿಯುವ ಆಳ ದಾಟಿ, ಕೆಳಗೆ ಮುರುಮು ಸಿಗುವತನಕ ತೋಡಬೇಕು. ಸುತ್ತ ತುಂಬುವುದೂ ಮುರುಮೇ ಆಗಬೇಕು, ತೆಗೆದ ಎರೆಮಣ್ಣಲ್ಲ.

ಇಳಿಜಾರು 17 ಡಿಗ್ರಿ, ಮುಖ ದಕ್ಷಿಣಕ್ಕೆ. ಕೋನ ಅಳೆಯುವ ಸಾಧನ ಬೇಕಿಲ್ಲ: ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ನಡುವೆ 1,500 ಮಿಲಿಮೀಟರ್ ಇದ್ದರೆ ಹಿಂದಿನದು 460 ಎತ್ತರ ಇರಲಿ. ಡಿಸೆಂಬರ್ 21ರ ಹೊತ್ತಿಗೆ ಬೆಳಗ್ಗೆ 9.20ರ ಸುಮಾರಿಗೆ ಇಲ್ಲಿ ಸೂರ್ಯ 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ದಕ್ಷಿಣದ ಮೂರಡಿ ಪ್ಯಾರಪೆಟ್ ನೆರಳು ಉತ್ತರಕ್ಕೆ ಸುಮಾರು ಮೂರೂವರೆ ಅಡಿ ಚಾಚುತ್ತದೆ. ಅಷ್ಟು ಜಾಗ ಬಿಟ್ಟು ಕೂರಿಸಬೇಕು. ಉತ್ತರದ ಕಡೆ ಏನಿದ್ದರೂ ನಡೆದೀತು ಅನ್ನುವುದೂ ಪೂರ್ತಿ ನಿಜವಲ್ಲ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಬೆಳಗ್ಗೆ-ಸಂಜೆ ಇನ್ನೂ ಉತ್ತರಕ್ಕೆ. ಈಶಾನ್ಯ ಮೂಲೆಯ ನೀರಿನ ಟ್ಯಾಂಕಿನ ನೆರಳು ಆಗ ಬೆಳಗ್ಗೆಯೇ ಬೀಳುತ್ತದೆ.

ಕೆಡುವುದು ಹೆಚ್ಚಾಗಿ ಪ್ಯಾನಲ್ ಅಲ್ಲ, ಜೋಡಣೆ. ಎರಡು ಸಾಲನ್ನೂ ಬೇರೆ ಬೇರೆಯಾಗಿ, 6 ಚದರ ಮಿಲಿಮೀಟರ್ ತಾಮ್ರದ ಸೋಲಾರ್ ಕೇಬಲ್‌ನಲ್ಲಿ ಕೆಳಗೆ ಇಳಿಸಿದ್ದೇನೆ. 15 ಮೀಟರ್ ದೂರಕ್ಕೆ, 13 ಆಂಪಿಯರಿಗೆ, ಲೋಡ್ ಇರುವಾಗಿನ 83 ವೋಲ್ಟಿನಲ್ಲಿ 1.3 ವೋಲ್ಟ್ ಮಾತ್ರ ಇಳಿಯುತ್ತದೆ. ಮೇಲೆಯೇ ಸೇರಿಸಿ ಅದೇ ದಪ್ಪದ ಒಂದೇ ಜೋಡಿ ತಂದರೆ ನಷ್ಟ ಎರಡು ಪಟ್ಟು. ಪ್ಯಾನಲ್ ವೈರು ಕೂಡಿಸುವ ಎಂಸಿ4 ಕನೆಕ್ಟರಿನ ಗಂಡು-ಹೆಣ್ಣು ಎರಡೂ ಒಂದೇ ಕಂಪನಿಯದಾಗಿರಲಿ, ಒತ್ತುವುದು ಅದರದೇ ಕ್ರಿಂಪರಿನಿಂದ. ಕಟಿಂಗ್ ಪ್ಲೇಯರಿನಲ್ಲಿ ಒತ್ತಿದ್ದು ಮೊದಲ ಬೇಸಿಗೆಗೇ ಕರಗುತ್ತದೆ.

ಡಿಸಿ ಕಡೆಗೆ, ಅಂದರೆ ಪ್ಯಾನಲ್-ಬ್ಯಾಟರಿ ಕಡೆಗೆ, ಮನೆಯಲ್ಲಿ ಉಳಿದ ಎಸಿ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಹಾಕುವ ಚಾಳಿ ಬಹಳ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಆರುವುದಿಲ್ಲ, ಎಂಸಿಬಿ ಒಳಗೇ ಉರಿಯುತ್ತದೆ. ಡಿಸಿ ಎಂಸಿಬಿಯಲ್ಲೂ ಪ್ಲಸ್-ಮೈನಸ್ ಗುರುತು ಇದ್ದರೆ ಅದರಂತೆಯೇ ಜೋಡಿಸಬೇಕು, ತಿರುಗಾಮುರುಗಾ ಆದರೆ ಅದೂ ಕಿಡಿ ಆರಿಸದು.

ಬ್ಯಾಟರಿಯಿಂದ ಇನ್ವರ್ಟರಿಗೆ 35 ಚದರ ಮಿಲಿಮೀಟರ್ ಕೇಬಲ್, ಒಂದೂವರೆ ಮೀಟರ್ ಒಳಗೆ, ಬ್ಯಾಟರಿಯ ಪ್ಲಸ್‌ಗೆ ಅಂಟಿದಂತೆ 160 ಆಂಪಿಯರ್ ಫ್ಯೂಸ್. ಪೂರಾ ಲೋಡಿನಲ್ಲಿ 110 ಆಂಪಿಯರ್ ಹರಿಯುತ್ತದೆ. ಒಂದು ಲಗ್ ಸಡಿಲಾಗಿ ಅಲ್ಲಿ 2 ಮಿಲಿಓಮ್ ತಡೆ ಬಂದರೂ 110 ಗುಣಿಸು 110 ಗುಣಿಸು 0.002, ಅಂದರೆ 24 ವ್ಯಾಟ್ ಕಾವು ಆ ಒಂದು ಬೋಲ್ಟಿನಲ್ಲಿ. ಸೋಲ್ಡರಿಂಗ್ ಐರನ್ ಕಾದಂತೆ. ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ. ವಾರ ಬಿಟ್ಟು ಎಲ್ಲವನ್ನೂ ಬಂದ್ ಮಾಡಿ ಮತ್ತೊಮ್ಮೆ ಬಿಗಿ ನೋಡಿ.

ಅರ್ಥಿಂಗ್‌ಗೆ ಎರಡೂವರೆ ಮೀಟರ್ ಜಿಐ ಪೈಪು. ಎರೆಮಣ್ಣು ಹಸಿ ಇದ್ದಾಗ ಬಹಳ ಒಳ್ಳೆಯದು. ಏಪ್ರಿಲ್‌ನಲ್ಲಿ ಬಿರಿದು ಪೈಪಿನಿಂದ ದೂರ ಸರಿಯುತ್ತದೆ, ಸಿಡಿಲು ಬರುವುದೂ ಸರಿಯಾಗಿ ಆಗಲೇ. ಅದಕ್ಕೇ ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೆಗೆಯಬೇಕು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಒಂದು ಪೈಪಿಗೆ ಆಗುವ ಕೆಲಸವಲ್ಲ, ದೂರ ದೂರ ಎರಡು-ಮೂರು ಹೂತು ಜೋಡಿಸಬೇಕು. ಫೇಸ್‌ಗೂ ಅರ್ಥ್‌ಗೂ ನೂರರ ಬಲ್ಬ್ ಹಚ್ಚಿ, ಪೂರಾ ಉರಿಯಿತು, ಅರ್ಥಿಂಗ್ ಸರಿ ಇದೆ ಅನ್ನುವ ಪರೀಕ್ಷೆಯನ್ನು ನಂಬಬೇಡಿ. ಆ ಬಲ್ಬ್ ಎಳೆಯುವುದು 0.43 ಆಂಪಿಯರ್. ಅರ್ಥ್ 20 ಓಮ್ ಇದ್ದರೂ ಇಳಿಯುವುದು 9 ವೋಲ್ಟ್, ಕಣ್ಣಿಗೆ ಗೊತ್ತಾಗುವುದಿಲ್ಲ. ಪರೀಕ್ಷೆ ಮಾಡುವವನ ಜೀವಕ್ಕೂ ಅಪಾಯ. ಅರ್ಥ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಅದೂ ಬೇಸಿಗೆಯಲ್ಲಿ. 5 ಓಮ್ ಒಳಗಿರಬೇಕು.

ಹಳೇ ಮನೆ ವೈರಿಂಗ್‌ನಲ್ಲಿ ಎಲ್ಲ ಕೋಣೆಗೂ ಒಂದೇ ನ್ಯೂಟ್ರಲ್ ಓಡಾಡಿರುತ್ತದೆ. ಇನ್ವರ್ಟರಿಗೆ ಹಾಕುವ ಕೋಣೆಗಳ ಫೇಸ್ ಜೊತೆ ನ್ಯೂಟ್ರಲ್ಲೂ ಬೇರೆಯಾಗಬೇಕು. ಇಲ್ಲದಿದ್ದರೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಬಂದ್ ಮಾಡುವ ಸ್ವಿಚ್ಚು) ಸುಮ್ಮಸುಮ್ಮನೆ ಬೀಳುತ್ತದೆ. ಅದನ್ನೇ ತೆಗೆದುಹಾಕುವ ಮಿಸ್ತ್ರಿಗಳೂ ಇದ್ದಾರೆ. ನೀರಿನ ಮೋಟಾರು ಲೈನಿನ ಮೇಲೇ ಇರಲಿ. ಒಂದು ಎಚ್‌ಪಿ ಮೋಟಾರು ಶುರುವಾಗುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತದೆ.

ಚಾಲೂ ಮಾಡುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಂದ್ ಮಾಡುವಾಗ ಉಲ್ಟಾ. ಪ್ಯಾನಲ್ ಎಂಸಿಬಿ ಏರಿಸುವ ಮುಂಚೆ ಪ್ರತಿ ಸಾಲಿನ ವೋಲ್ಟೇಜ್ ಅಳೆಯಿರಿ. ಮಧ್ಯಾಹ್ನ ಕಾದ ಪ್ಯಾನಲ್ 99ರ ಬದಲು 88ರಿಂದ 90 ತೋರಿಸುತ್ತದೆ, ಅದು ದೋಷವಲ್ಲ. 45 ಬಂದರೆ ಒಂದು ಪ್ಯಾನಲ್ ಲೆಕ್ಕದಲ್ಲಿಲ್ಲ. ಮೈನಸ್ ಚಿಹ್ನೆ ಕಂಡರೆ ಕನೆಕ್ಟರ್ ಅದಲು ಬದಲಾಗಿದೆ, ಎಂಸಿಬಿ ಮುಟ್ಟಬೇಡಿ.

ಸೆಟ್ಟಿಂಗ್: ಎಲ್‌ಎಫ್‌ಪಿಗೆ ಬಲ್ಕ್ (ತುಂಬಿಸುವ ವೋಲ್ಟ್) 28.4, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವುದು) 27, ಕಟ್-ಆಫ್ (ಪೂರಾ ಬಂದ್ ಆಗುವುದು) 24, ಲೈನಿಗೆ ಮರಳುವುದು 25.6, ಚಾರ್ಜಿಂಗ್ 60 ಆಂಪಿಯರ್, ಈಕ್ವಲೈಸೇಶನ್ (ಲೆಡ್-ಆಸಿಡ್‌ಗೆ ಕೊಡುವ ಹೆಚ್ಚುವರಿ ಚಾರ್ಜ್) ಬಂದ್. ಲೈನಿನ ವೋಲ್ಟೇಜ್ ಸಂಜೆ 160ಕ್ಕೆ ಇಳಿಯುವ ಊರಿನಲ್ಲಿ ಇನ್‌ಪುಟ್ ರೇಂಜನ್ನು ಯುಪಿಎಸ್ ಮೋಡಿನಲ್ಲಿಡಿ (ವೋಲ್ಟೇಜ್ ತೀರಾ ಇಳಿದರೆ ಬ್ಯಾಟರಿಗೆ ಬದಲಾಗುತ್ತದೆ). ಇಲ್ಲದಿದ್ದರೆ ಆ 160 ನೇರವಾಗಿ ಫ್ರಿಜ್‌ಗೆ ಹೋಗಿ ಕಂಪ್ರೆಸರ್ ಸುಡುತ್ತದೆ. ಲೈನಿನಿಂದ ಚಾರ್ಜ್ ಆಗುವುದನ್ನು ಮಳೆಗಾಲದಲ್ಲಿ ಮಾತ್ರ ತೆರೆಯುತ್ತೇನೆ, ಅದೂ 10 ಆಂಪಿಯರಿಗೆ.

ಕಾವು ಹೆಚ್ಚಿದಷ್ಟೂ ಉತ್ಪಾದನೆ ಹೆಚ್ಚೆಂದು ತಿಳಿಯಬೇಡಿ. ಮೇ ಮಧ್ಯಾಹ್ನ ಪ್ಯಾನಲ್ 70 ಡಿಗ್ರಿ ಮುಟ್ಟಿದಾಗ ಡಿಗ್ರಿಗೆ ಶೇ 0.35ರಂತೆ ಶೇ 16ರಷ್ಟು ಹೋಗಿ 540ರದ್ದು 455 ಕೊಡುತ್ತದೆ. ಕೆಳಗೆ ಗಾಳಿಯಾಡಲು ಒಂದೂವರೆ ಅಡಿ ಬಿಟ್ಟರೆ ಸ್ವಲ್ಪ ಮೇಲು.

ಒರೆಸುವ ಕೆಲಸಕ್ಕೆ ತೊಗರಿ ರಾಶಿಯ ದಿನಗಳೇ ಮುಖ್ಯ. ಡಿಸೆಂಬರ್-ಜನವರಿಯಲ್ಲಿ ಮಷಿನ್ನಿನ ಹೊಟ್ಟು-ಧೂಳು ಇಡೀ ಊರ ಮೇಲೆ ಕೂರುತ್ತದೆ. ವಾಡಿ, ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಧೂಳು ಇನ್ನೂ ಕೆಟ್ಟದ್ದು. ಇಬ್ಬನಿ ಬಿದ್ದರೆ ಗಾಜಿನ ಮೇಲೆ ಗಟ್ಟಿಯಾಗುತ್ತದೆ. ಅಲ್ಲಿ ಸಂಜೆಯೇ ಒಣ ಮೆತ್ತನೆ ಬ್ರಷ್ಷಿನಲ್ಲಿ ಗುಡಿಸಬೇಕು. ನೀರು ಹಾಕುವುದಾದರೆ ಬಿಸಿಲೇರುವ ಮುಂಚೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳಬಹುದು, ಬೋರಿನ ನೀರನ್ನು ತಾನೇ ಆರಲು ಬಿಟ್ಟರೆ ಸುಣ್ಣದ ಕಲೆ ಉಳಿಯುತ್ತದೆ. ರಬ್ಬರ್ ವೈಪರಿನಲ್ಲಿ ಎಳೆದುಬಿಡಿ. ಗುಡುಗು-ಸಿಡಿಲಿನ ರಾತ್ರಿ ಕಳೆದ ಮೇಲೆ ಡಿಸಿ ಪೆಟ್ಟಿಗೆ ತೆರೆದು ಎಸ್‌ಪಿಡಿಯ (ಸಿಡಿಲಿನ ವೋಲ್ಟೇಜ್ ಏರಿಕೆಯನ್ನು ತಡೆಯುವ ಸಾಧನ) ಕಿಂಡಿ ನೋಡಿ. ಹಸಿರು ಇದ್ದರೆ ಸರಿ, ಕೆಂಪಾಗಿದ್ದರೆ ಅದರ ಕಾರ್ಟ್ರಿಜ್ ಬದಲಿಸುವವರೆಗೆ ಮಳೆ-ಗಾಳಿಯ ಸಂಜೆ ಪ್ಯಾನಲ್ ಎಂಸಿಬಿ ಇಳಿಸಿಡಿ.