ಮನೆಯ ಕ್ಯಾರವಾನ್ ಟ್ರೇಲರ್: ಮಳೆಗಾಲದ ಜೋಪಾನ, ರಸ್ತೆಯ ಲೆಕ್ಕ

ಮಲಗುವುದಕ್ಕೂ ಅಡುಗೆಗೂ ಅನುಕೂಲವಿರುವ ಟ್ರೇಲರೊಂದನ್ನು ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತಬೇಕೆಂಬ ಆಸೆ ಈಗೀಗ ಕಾಸರಗೋಡಿನ ಕಡೆಯ ಮನೆಗಳಿಗೂ ಬಂದಿದೆ. ಕೇರಳ ಸರಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ನೀತಿಯನ್ನು ಪ್ರಕಟಿಸಿದ ಮೇಲಂತೂ ಈ ಕುರಿತು ವಿಚಾರಿಸುವ ಎಳೆಯರು ಹೆಚ್ಚಾಗಿದ್ದಾರೆ. ಯಾವ ಕಾರು ಎಷ್ಟು ಭಾರ ಎಳೆದೀತು, ಘಾಟಿ ಹತ್ತೀತೇ ಎಂಬುದೇ ಅವರೆಲ್ಲರ ಮೊದಲ ಪ್ರಶ್ನೆ. ಕೇಳಬೇಕಾದದ್ದೇ, ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಳಿದ ದಿನಗಳಲ್ಲಿ ಕಡಲಿನ ಉಪ್ಪುಗಾಳಿ ಬೀಸುವ ನಮ್ಮ ಸೀಮೆಯಲ್ಲಿ ಟ್ರೇಲರಿನ ಆಯುಷ್ಯ ತೀರ್ಮಾನವಾಗುವುದು ಅದು ಅಂಗಳದಲ್ಲಿ ಸುಮ್ಮನೆ ನಿಂತಿರುವ ತಿಂಗಳುಗಳಲ್ಲಿ. ಆದ್ದರಿಂದ ನಿಲ್ಲಿಸುವ ಜಾಗದ ವಿಚಾರವನ್ನೇ ಮುಂದಿಟ್ಟು, ಎಳೆಯುವ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮುನ್ನ ಕಾಗದಪತ್ರದ ಕುರಿತು ಎರಡು ಮಾತು. 1988ರ ಮೋಟಾರು ವಾಹನ ಕಾಯ್ದೆಯ ದೃಷ್ಟಿಯಲ್ಲಿ ಎಂಜಿನ್ ಇಲ್ಲದ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ ಆಗಿರುವುದರಿಂದ ಅದಕ್ಕೆ ಪ್ರತ್ಯೇಕ ನೋಂದಣಿ, ನಂಬರ್ ಪ್ಲೇಟು ಮತ್ತು ವಿಮೆ ಬೇಕಾಗುತ್ತವೆ. ಪರಿಚಯದ ವೆಲ್ಡಿಂಗ್ ಶಾಪಿನಲ್ಲಿ ಅಗ್ಗದಲ್ಲಿ ಮಾಡಿಸಿಕೊಳ್ಳುವ ಆಲೋಚನೆಯಿದ್ದರೆ ಅದನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಅನುಮೋದನೆ ಇಲ್ಲದ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ಅಲೆದಾಡುವುದರಲ್ಲಿ ಉಳಿಸಿದ ಹಣಕ್ಕಿಂತ ಹೆಚ್ಚು ಖರ್ಚಾಗುತ್ತದೆ.

ಟ್ರೇಲರನ್ನು ತೆಂಗಿನ ಮರದ ಕೆಳಗೆ ಎಂದಿಗೂ ನಿಲ್ಲಿಸಬಾರದು. ಹೇಳಲೇಬೇಕಾಗಿಲ್ಲದ ಮಾತಿದು ಎನಿಸಬಹುದು, ಆದರೆ ನಮ್ಮ ಮನೆಗಳ ಸುತ್ತ ತೆಂಗೋ ಹಲಸೋ ಇಲ್ಲದ ನೆರಳು ಸಿಗುವುದೇ ಕಷ್ಟ, ಮತ್ತು ಒಣಗಿದ ಒಂದು ಮಡಲು ಬಿದ್ದರೆ ಸಾಕು, ಮಾಡಿನ ಮೇಲಿನ ಗಾಳಿಕಿಂಡಿಯ ಪ್ಲಾಸ್ಟಿಕ್ ಮುಚ್ಚಳ ಒಡೆಯುತ್ತದೆ. ಅದು ಒಡೆದದ್ದು ಗೊತ್ತಾಗುವ ಹೊತ್ತಿಗೆ ಹಾಸಿಗೆ ನೆನೆದು ಮುದ್ದೆಯಾಗಿರುತ್ತದೆ. ನಾಲ್ಕು ಕಂಬ ನೆಟ್ಟು, ಸುತ್ತ ತೆರೆದಿರುವಂತೆ, ಟ್ರೇಲರಿನ ಎತ್ತರಕ್ಕಿಂತ ಎರಡಡಿಯಾದರೂ ಮೇಲೆ ಶೀಟು ಹೊದೆಸಿದರೆ ಅದಕ್ಕಿಂತ ಉತ್ತಮ ವ್ಯವಸ್ಥೆ ಬೇರೆ ಬೇಡ. ಟಾರ್ಪಾಲನ್ನು ಬಿಗಿಯಾಗಿ ಸುತ್ತಿ ಕಟ್ಟುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅದು ಹೊರಗಿನ ಮಳೆಯನ್ನು ತಡೆಯುತ್ತದೆಯಾದರೂ ಒಳಗಿನ ತೇವಕ್ಕೆ ಹೊರಹೋಗಲು ದಾರಿ ಕೊಡುವುದಿಲ್ಲ. ಗಾಳಿಗೆ ಪಟಪಟನೆ ಬಡಿದು ಬಣ್ಣವನ್ನೂ ಕೆರೆಯುತ್ತದೆ.

ನೆಲವು ಮುರಕಲ್ಲಿನದಾದರೂ ಕಾಂಕ್ರೀಟಿನದಾದರೂ ನೀರು ನಿಲ್ಲದೆ ಹರಿದುಹೋಗುವಂತಿರಲಿ. ಚಕ್ರಗಳನ್ನು ಬರಿಯ ಮಣ್ಣಿನ ಮೇಲೆ ಬಿಡದೆ ದಪ್ಪ ಹಲಗೆಯ ಮೇಲೋ ಕಲ್ಲಿನ ಚಪ್ಪಡಿಯ ಮೇಲೋ ನಿಲ್ಲಿಸಬೇಕು. ಹಲಗೆಯಾದರೆ ಒರಲೆ ಹತ್ತದಂತೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮೊದಲೇ ಬಳಿದು ಒಣಗಿಸಿಕೊಳ್ಳಿ. ಅದು ಚರ್ಮವನ್ನು ಸುಡುವ ವಸ್ತುವಾದ್ದರಿಂದ ಬಳಿಯುವಾಗ ಕೈಗವಸು ಇರಲಿ. ಕಾರಿಗೆ ಕಟ್ಟುವ ಮೂತಿಯ ಕಡೆಯನ್ನು ಜಾಕಿಯಿಂದ ಸ್ವಲ್ಪ ಎತ್ತರಿಸಿ ಇಟ್ಟರೆ ಮಾಡಿನ ಮೇಲೆ ನೀರು ತಂಗದೆ ಹಿಂದಕ್ಕೆ ಇಳಿಯುತ್ತದೆ. ನಾಲ್ಕು ಮೂಲೆಗಳ ಕಾಲುಗಳಿರುವುದು ಗಾಡಿ ಅಲುಗಾಡದಂತೆ ಹಿಡಿಯಲಿಕ್ಕೆ ಮಾತ್ರ. ಅವುಗಳಿಂದ ಗಾಡಿಯ ಭಾರವನ್ನು ಎತ್ತಲು ಹೊರಟರೆ ಚಾಸಿ ಸೊಟ್ಟಗಾಗುತ್ತದೆ.

ಪತ್ತನಾಜೆಗೆ ಮುಂಚೆ, ಅಂದರೆ ಮೇ ತಿಂಗಳ ಮೂರನೆಯ ವಾರದೊಳಗೆ, ಒಂದು ದಿನವನ್ನು ಮಾಡಿನ ತಪಾಸಣೆಗೆಂದೇ ಮೀಸಲಿಡಬೇಕು. ನೀರು ಒಳನುಗ್ಗುವುದು ಅಗಲವಾದ ತಗಡಿನ ನಡುವಿನಿಂದಲ್ಲ. ಎರಡು ತಗಡು ಸೇರುವ ಅಂಚು, ಕಿಟಕಿಯ ಚೌಕಟ್ಟು, ದೀಪದ ಬುಡ, ಸ್ಕ್ರೂ ಹೋದ ತೂತು, ಇವುಗಳಿಂದ. ಸ್ಕ್ರೂವಿನ ತಲೆಯಿಂದ ಕೆಳಕ್ಕೆ ತುಕ್ಕಿನ ಸಣ್ಣ ಗೆರೆಯೊಂದು ಇಳಿದಿದ್ದರೆ ಅಲ್ಲಿ ನೀರು ಆಗಲೇ ದಾರಿ ಮಾಡಿಕೊಂಡಿದೆ ಎಂದು ತಿಳಿಯಬೇಕು. ಒಳಗೆ ಹೋಗಿ ಪ್ರತಿಯೊಂದು ಕಿಟಕಿಯ ಕೆಳಮೂಲೆಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿ ತಡೆದರೆ ಸರಿ. ನೆನೆದ ರೊಟ್ಟಿನಂತೆ ಮೆತ್ತಗೆ ಒಳಹೋದರೆ ಪ್ಲೈವುಡ್ ಕೊಳೆತಿದೆ, ಅದಕ್ಕೆ ಹೊರಗಿನಿಂದ ಬಳಿಯುವ ಯಾವ ಅಂಟೂ ಪರಿಹಾರವಲ್ಲ. ಹಳೆಯ ಅಂಟಿನ ಮೇಲೆಯೇ ಸಿಲಿಕೋನ್ ಮೆತ್ತುವುದು ಎಲ್ಲರೂ ಮಾಡುವ ಸುಲಭದ ಕೆಲಸ. ಆದರೆ ಸಿಲಿಕೋನ್ ಕಿತ್ತ ಜಾಗದಲ್ಲಿ ಮುಂದೆ ಬೇರಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಸ್ಪಿರಿಟಿನಿಂದ ಒರೆಸಿ, ಚೌಕಟ್ಟಿನ ಅಡಿಗೆ ಬ್ಯುಟೈಲ್ ಎಂಬ ಅಂಟುವ ರಬ್ಬರಿನ ಪಟ್ಟಿಯನ್ನಿಟ್ಟು ಬಿಗಿದು, ಮೇಲಿನಿಂದ ಮಾಡಿಗೆಂದೇ ಸಿಗುವ ಸೀಲಂಟನ್ನು ಹಾಕಿದರೆ ಆ ಜಾಗದ ಚಿಂತೆ ಕೆಲವು ವರ್ಷಗಳ ಮಟ್ಟಿಗೆ ಇರುವುದಿಲ್ಲ.

ಒಳಗಿನ ಬೂಷ್ಟಿನದು ಬೇರೆಯೇ ಕಥೆ. ಆಟಿಯ ತಿಂಗಳಲ್ಲಿ ಮನೆಯೊಳಗಿನ ಕಪಾಟಿಗೇ ಬೂಷ್ಟು ಹಿಡಿಯುವಾಗ ಮುಚ್ಚಿಟ್ಟ ಟ್ರೇಲರಿನ ಪಾಡನ್ನು ಹೇಳಬೇಕಾಗಿಲ್ಲ. ಹಾಸಿಗೆ, ದಿಂಬು, ಪರದೆಗಳನ್ನು ಮನೆಯೊಳಗೆ ತಂದಿಡುವುದು ಎಲ್ಲಕ್ಕಿಂತ ಕ್ಷೇಮ. ಸ್ಥಳವಿಲ್ಲದಿದ್ದರೆ ಗೋಡೆಗೆ ತಾಗದಂತೆ ನೆಟ್ಟಗೆ ನಿಲ್ಲಿಸಿ. ಕಪಾಟಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಫ್ರಿಜ್ಜಿನ ಬಾಗಿಲಿಗೆ ಬಟ್ಟೆ ಸಿಕ್ಕಿಸಿ ಎರಡು ಬೆರಳಿನಷ್ಟು ಸಂದಿ ಬಿಡಬೇಕು. ಮಳೆ ಹೊಳವಾದ ದಿನ ಬಾಗಿಲು ಕಿಟಕಿಗಳನ್ನು ತೆರೆದು ಗಾಳಿಯಾಡಿಸುವುದಕ್ಕೆ ಸಮನಾದ ಮದ್ದಿಲ್ಲ. ಇಲಿಗಳು ವಯರು ಹೋಗುವ ತೂತುಗಳಿಂದ ನುಸುಳುತ್ತವೆಯಾದ್ದರಿಂದ ಅಡಿಭಾಗದ ಅಂಥ ಸಂದಿಗಳಿಗೆಲ್ಲ ಪಾತ್ರೆ ಉಜ್ಜುವ ಸ್ಟೀಲಿನ ನಾರನ್ನು ಗಿಡಿದು ಮೇಲಿಂದ ಸೀಲಂಟು ಹಾಕಬೇಕು. ಬಿಸ್ಕತ್ತಿನ ಒಂದು ಚೂರೂ ಒಳಗೆ ಉಳಿದಿರಬಾರದು. ನೀರಿನ ಟ್ಯಾಂಕು ಮತ್ತು ಪೈಪುಗಳನ್ನು ಪೂರ್ತಿ ಬರಿದು ಮಾಡಿ, ನಲ್ಲಿಗಳನ್ನು ತೆರೆದೇ ಬಿಡಿ.

ಬ್ಯಾಟರಿಯ ತಂತಿಯನ್ನು ಕಳಚಿ, ತಿಂಗಳಿಗೊಮ್ಮೆ ಚಾರ್ಜು ಮಾಡಬೇಕು. 12 ವೋಲ್ಟಿನ ಸೀಸದ ಬ್ಯಾಟರಿ ತುಂಬಿರುವಾಗ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. 12ಕ್ಕಿಂತ ಕೆಳಗಿಳಿದು ಹಾಗೆಯೇ ಬಿದ್ದಿದ್ದರೆ ಅದು ಮತ್ತೆ ಮೊದಲಿನಂತಾಗುವುದಿಲ್ಲ. ಟಯರುಗಳು ಇಲ್ಲಿ ಸವೆಯುವುದಕ್ಕಿಂತ ಮುಂಚೆ ಮುದಿಯಾಗುತ್ತವೆ. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಆರು ವರ್ಷ ಕಳೆದ ಟಯರಿನ ಹಲ್ಲು ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಬದಲಿಸಬೇಕೆಂಬುದು ನನ್ನ ಅಭಿಪ್ರಾಯ.

ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ಮೇಲಕ್ಕೆ ಹೋಗದೆ ನೆಲದಲ್ಲಿ ಕೂರುತ್ತದೆ. ಅದು ಇಳಿದುಹೋಗಲೆಂದೇ ಸಿಲಿಂಡರಿನ ಗೂಡಿನ ತಳದಲ್ಲಿ ಕಿಂಡಿ ಇಟ್ಟಿರುತ್ತಾರೆ. ಇರುವೆ ಬರುತ್ತದೆಂದು ಅದನ್ನು ಮುಚ್ಚಿದವರನ್ನು ಕಂಡಿದ್ದೇನೆ, ಅದು ಪ್ರಾಣಕ್ಕೆ ಅಪಾಯ. ಮನೆಯ 14.2 ಕಿಲೋದ ಸಿಲಿಂಡರನ್ನು ಟ್ರೇಲರಿಗೆ ಹೊರಿಸುವ ಬದಲು 5 ಕಿಲೋದ ಚಿಕ್ಕದನ್ನು ಬಳಸಿರಿ. ಸಿಲಿಂಡರಿನ ಕೊರಳಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದರೊಡನೆ ಇಸವಿಯನ್ನು ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಅದು ಮುಂದಿನ ಪರೀಕ್ಷೆಯ ಗಡುವು. ಗಡುವು ಮೀರಿದ್ದನ್ನು ಒಯ್ಯಬೇಡಿ. ಜೋಡಣೆಗಳ ಮೇಲೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪ್ರತಿ ಪ್ರಯಾಣಕ್ಕೂ ಮುನ್ನ ನೋಡುವುದು, ಓಡುವಾಗ ರೆಗ್ಯುಲೇಟರನ್ನು ಬಂದ್ ಮಾಡಿರುವುದು ರೂಢಿಯಾಗಬೇಕು.

ಇನ್ನು ಭಾರದ ವಿಚಾರ. ಕಾರಿನ ಕೈಪಿಡಿಯಲ್ಲಿ ಎಳೆಯಬಹುದಾದ ಭಾರವನ್ನು ನಮೂದಿಸಿದ್ದರೆ ಅದೇ ಕೊನೆಯ ಮಾತು; ನಮೂದಿಸಿಲ್ಲದಿದ್ದರೆ ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಬೇಕು, ಶೋರೂಮಿನವರ ಬಾಯಿಮಾತು ಸಾಲದು. ಟ್ರೇಲರಿನ ಒಟ್ಟು ಭಾರದಷ್ಟೇ ಮುಖ್ಯವಾದದ್ದು ಮೂತಿಯ ಭಾರ, ಅಂದರೆ ಟ್ರೇಲರನ್ನು ಸಿಕ್ಕಿಸಲು ಕಾರಿನ ಹಿಂದೆ ಇರುವ ಕೊಂಡಿಯಾದ ಹಿಚ್ಚಿನ ಮೇಲೆ ಕೂರುವ ಪಾಲು. ಅಮೆರಿಕದವರು ಇದನ್ನು ಒಟ್ಟು ಭಾರದ ನೂರಕ್ಕೆ 10ರಿಂದ 15 ಇಟ್ಟುಕೊಳ್ಳುತ್ತಾರೆ, ಯುರೋಪಿನವರು ಸಾಮಾನ್ಯವಾಗಿ 5ರಿಂದ 7. ನಮ್ಮಲ್ಲಿ ಓಡುವ ಚಿಕ್ಕ ಟ್ರೇಲರುಗಳಿಗೆ, ಹಿಚ್ಚಿನ ಮಿತಿಯನ್ನು ಮೀರದಂತೆ, 7ರಿಂದ 10ರೊಳಗೆ ಇರಿಸುವುದು ನನಗೆ ಸರಿಯೆಂದು ಕಾಣುತ್ತದೆ. ಇದನ್ನು ಅಳೆಯಲು ಸಮೀಪದ ವೇಬ್ರಿಡ್ಜೇ ಸಾಕು. ಸಾಮಾನು ತುಂಬಿದ ಟ್ರೇಲರನ್ನು ಕಾರಿನಿಂದ ಬಿಡಿಸಿ ಪೂರ್ತಿಯಾಗಿ ತೂಗಿಸಿ. ಅನಂತರ ಕಾರಿಗೆ ಕಟ್ಟಿ, ಕಾರು ತಕ್ಕಡಿಯಿಂದ ಹೊರಗಿರುವಂತೆ ಟ್ರೇಲರಿನ ಚಕ್ರಗಳನ್ನಷ್ಟೇ ತೂಗಿಸಿ. ಮೊದಲನೆಯದು 900 ಕಿಲೋ, ಎರಡನೆಯದು 820 ಕಿಲೋ ಬಂದರೆ ಮೂತಿಯ ಭಾರ 80 ಕಿಲೋ, ಅಂದರೆ ನೂರಕ್ಕೆ ಒಂಬತ್ತರ ಹತ್ತಿರ. ಮೂತಿ ಹಗುರವಾಗಿ ಹಿಂಭಾಗ ಭಾರವಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಬೀಸಲು ಶುರುಮಾಡುತ್ತದೆ. ಅಕ್ಕಿ, ನೀರು, ಪಾತ್ರೆಗಳಂಥ ಭಾರದ ಸಾಮಾನು ಅಚ್ಚಿನ ಮೇಲೆ ಅಥವಾ ಸ್ವಲ್ಪ ಮುಂದಕ್ಕೆ, ನೆಲಕ್ಕೆ ಹತ್ತಿರವಾಗಿ ಇರಲಿ. ನೂರು ಲೀಟರ್ ನೀರೆಂದರೆ ನೂರು ಕಿಲೋ; ತಂಗುವ ಸ್ಥಳದಲ್ಲಿ ನೀರು ಸಿಗುವುದಾದರೆ ಮನೆಯಿಂದಲೇ ಹೊತ್ತೊಯ್ಯುವುದು ಯಾಕೆ?

ಹಿಚ್ಚಿನ ಗುಂಡಿನಲ್ಲಿ 50 ಮಿಲಿಮೀಟರಿನದು ಮತ್ತು ಎರಡು ಇಂಚಿನದು ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಎರಡು ಇಂಚೆಂದರೆ 50.8 ಮಿಲಿಮೀಟರ್, ಅದಕ್ಕೆಂದು ಮಾಡಿದ ಕಪ್ಲರ್, ಅಂದರೆ ಗುಂಡನ್ನು ಹಿಡಿಯುವ ಟ್ರೇಲರಿನ ಮೂತಿಯ ಬಟ್ಟಲು, 50ರ ಗುಂಡಿನ ಮೇಲೆ ಸಡಿಲವಾಗಿ ಕೂರುತ್ತದೆ, ರಸ್ತೆಯ ಹೊಂಡದಲ್ಲಿ ಚಕ್ರ ಹಾರಿದಾಗ ಕಳಚಿಕೊಳ್ಳಬಹುದು. ಕೊಂಡಿ ಹಾಕಿದ ಮೇಲೆ ಮೂತಿಯ ಜಾಕಿಯನ್ನು ತಿರುಗಿಸಿ ಮೇಲೆತ್ತಿ ನೋಡಬೇಕು: ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಕೊಂಡಿ ಹಿಡಿದಿದೆ. ಸುರಕ್ಷತಾ ಸರಪಳಿಗಳು ಮೂತಿಯ ಕೆಳಗೆ ಅಡ್ಡಡ್ಡ ಹಾದುಹೋಗಬೇಕು; ಕೊಂಡಿ ತಪ್ಪಿದರೂ ಮೂತಿ ರಸ್ತೆಗೆ ಬಡಿಯದೆ ಅವುಗಳ ಮೇಲೆ ಕೂರುತ್ತದೆ. ದೀಪದ ಪ್ಲಗ್ಗಿನ ಪಿನ್ನುಗಳು ಉಪ್ಪುಗಾಳಿಗೆ ಹಸಿರುಗಟ್ಟುತ್ತವೆ, ಒರೆಸಿ ತೆಳುವಾಗಿ ವ್ಯಾಸಲೀನ್ ಸವರಿದರೆ ಆಯಿತು. ಬಿಚ್ಚುವಾಗ ಚಕ್ರಗಳಿಗೆ ಅಡೆಗಲ್ಲು ಕೊಡದೆ ಕೊಂಡಿಗೆ ಕೈ ಹಾಕಬಾರದು.

ಚೆರ್ಕಳ, ಜಾಲ್ಸೂರು, ಸುಳ್ಯದ ದಾರಿಯಾಗಿ ಮಡಿಕೇರಿಗೆ ಹೋಗುವವರು ಸಂಪಾಜೆಯಿಂದ ಮುಂದೆ ಹತ್ತುವಾಗ ಅವಸರಿಸದಿದ್ದರೆ ಸಾಕು, ಕಷ್ಟವಿರುವುದು ಇಳಿಯುವಾಗ. ಟ್ರೇಲರ್ ಕಾರನ್ನು ದೂಡಿದಾಗ ತಾನಾಗಿ ಹಿಡಿಯುವ ಓವರ್‌ರನ್ ಬ್ರೇಕು ಉದ್ದದ ಇಳಿಜಾರಿನಲ್ಲಿ ಬಿಡುವಿಲ್ಲದೆ ಉಜ್ಜಿ ಕಾಯುತ್ತದೆ. ಹತ್ತಿದ ಗೇರಿನಲ್ಲಿಯೇ ಇಳಿಯಿರಿ, ಬ್ರೇಕನ್ನು ಆಗಾಗ ಒತ್ತಿ ಬಿಡಿ, ಸಮತಟ್ಟು ಸಿಕ್ಕಲ್ಲಿ ನಿಲ್ಲಿಸಿ ಆರಿಸಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸೊಂದು ಭರ್ರನೆ ಹಿಂದಿಕ್ಕಿದಾಗ ಟ್ರೇಲರ್ ತೂಗಾಡಿದರೆ ಸ್ಟೀರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಬ್ರೇಕನ್ನು ಜೋರಾಗಿ ಒತ್ತುವುದೂ ಚಕ್ರವನ್ನು ಅತ್ತಿತ್ತ ತಿರುಗಿಸುವುದೂ ತೂಗಾಟವನ್ನು ಹೆಚ್ಚಿಸುತ್ತವೆ. ಹಿಂದಕ್ಕೆ ತೆಗೆಯುವಾಗ ಸ್ಟೀರಿಂಗಿನ ಕೆಳಭಾಗವನ್ನು ಹಿಡಿದುಕೊಂಡರೆ ಕೈ ಹೋದ ಕಡೆಗೇ ಟ್ರೇಲರಿನ ಹಿಂಭಾಗ ತಿರುಗುತ್ತದೆ.

ಬೇಕಲದ ಕಡಲತೀರಕ್ಕೆ ಹೋಗಿ ಬಂದರೆ ಅದೇ ದಿನ ಅಡಿಭಾಗಕ್ಕೆಲ್ಲ ಸಿಹಿನೀರು ಹೊಡೆಯಬೇಕು. ದೂರ ಓಡಿ ಬಿಸಿಯಾದ ಹಬ್ಬನ್ನು, ಅಂದರೆ ಚಕ್ರದ ನಡುವೆ ಬೇರಿಂಗುಗಳಿರುವ ಗೂಡನ್ನು, ನೀರು ನಿಂತ ರಸ್ತೆಯಲ್ಲಿ ಮುಳುಗಿಸಿದರೆ ಅದು ಥಟ್ಟನೆ ತಣಿದು ನೀರನ್ನು ಒಳಗೆಳೆದುಕೊಳ್ಳುತ್ತದೆ. ಬಿಚ್ಚಿದಾಗ ಗ್ರೀಸು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಇದೇ ಕಾರಣ. ವರ್ಷಕ್ಕೊಮ್ಮೆ, ಮಳೆ ಕಳೆದು ದೀಪಾವಳಿಯ ಹೊತ್ತಿಗೆ, ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ, ಅಂಗೈಯಲ್ಲಿ ಗ್ರೀಸಿನ ಉಂಡೆಯಿಟ್ಟು, ಬೇರಿಂಗಿನ ಅಗಲದ ಅಂಚನ್ನು ಅದಕ್ಕೆ ಒತ್ತೊತ್ತಿ, ಆಚೆ ಬದಿಯ ಉರುಳೆಗಳ ಸಂದಿಯಿಂದ ಗ್ರೀಸು ಹೊರಬರುವ ತನಕ ತುಂಬಬೇಕು. ಎಣ್ಣೆಸೀಲನ್ನು ಪ್ರತಿಸಲವೂ ಹೊಸದನ್ನೇ ಹಾಕಿಸಿ. ಚಕ್ರ ಕಳಚಿ ಮತ್ತೆ ಹಾಕಿದ ಮೇಲೆ ಮೊದಲ ಐವತ್ತು ಕಿಲೋಮೀಟರ್ ಓಡಿದಲ್ಲಿ ಗಾಡಿಯನ್ನು ಬದಿಗೆ ನಿಲ್ಲಿಸಿ, ನಟ್ಟುಗಳನ್ನು ಇನ್ನೊಮ್ಮೆ ಬಿಗಿದು, ಎರಡು ಹಬ್ಬುಗಳ ಹತ್ತಿರ ಕೈ ಹಿಡಿದು ನೋಡಿ. ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಪ್ರಯಾಣವನ್ನು ಅಲ್ಲಿಗೇ ನಿಲ್ಲಿಸಿ, ಸಮೀಪದ ವರ್ಕ್‌ಶಾಪಿನವರನ್ನು ಅಲ್ಲಿಗೇ ಕರೆಸಿಕೊಳ್ಳಿ.