ಸದ್ದೇ ಇಲ್ಲದಾಗ ಬಿದ್ದ ಮಣಿ

ಐದು ವರ್ಷದ ಹುಡುಗಿ, ಶ್ರವಣ ಪರೀಕ್ಷೆಗೆ ಬಂದಿದ್ದಳು. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಕೆಂಪು ಮಣಿ, ಮುಂದೊಂದು ಡಬ್ಬಿ. "ಪುಟ್ಟಿ, ಕೂ ಅಂತ ಸದ್ದು ಕೇಳಿಸಿದ ತಕ್ಷಣ ಮಣಿ ಹಾಕು" ಎಂದು ಹೇಳಿಕೊಟ್ಟೆ. ಎರಡು ಸಲ ತೋರಿಸಿದ್ದಕ್ಕೇ ಆಟ ಅರ್ಥವಾಯಿತು. ಟಕ್ ಟಕ್ ಎಂದು ಮಣಿಗಳು ಬೀಳುತ್ತಾ ಹೋದವು. ಸ್ವಲ್ಪ ಹೊತ್ತಿಗೆಲ್ಲ ಎರಡೂ ಕಿವಿಯ ಆಡಿಯೋಗ್ರಾಮ್, ಅಂದರೆ ಯಾವ ಸದ್ದು ಎಷ್ಟು ಮೆಲ್ಲಗಿದ್ದರೂ ಕೇಳಿಸುತ್ತದೆ ಎಂದು ತೋರಿಸುವ ನಕ್ಷೆ, ಸಿದ್ಧವಾಯಿತು. ದಪ್ಪ ಸದ್ದಿನ 500 ಹರ್ಟ್ಜ್‌ನಿಂದ ಕೀರಲು ಸದ್ದಿನ 8000 ಹರ್ಟ್ಜ್‌ವರೆಗೂ 15 ಡೆಸಿಬಲ್. ಮಕ್ಕಳಲ್ಲಿ ಅದು ಚೆನ್ನಾಗಿ ಕೇಳಿಸುವ ಮಟ್ಟ; ಡೆಸಿಬಲ್ ಏರಿದಷ್ಟೂ ಕೇಳಿಸುವುದು ಕಡಿಮೆ ಎಂದರ್ಥ. ಅದಕ್ಕಿಂತ ಕೆಳಗೆ ಹೋಗಿ ನೋಡುವ ಅಗತ್ಯ ನನಗೆ ಕಾಣಲಿಲ್ಲ.

ಹೆಡ್‌ಫೋನ್ ತೆಗೆದು, ತಲೆ ತಗ್ಗಿಸಿ ರಿಪೋರ್ಟ್ ಬರೆಯುತ್ತಾ "ಸಾಕು ಪುಟ್ಟಿ" ಎಂದೆ. ಅವಳು ಇನ್ನೊಂದು ಮಣಿ ಹಾಕಿದಳು. "ಸಾಕು" ಎಂದೆ. ಮತ್ತೊಂದು ಬಿತ್ತು. ಮಕ್ಕಳಿಗೆ ಆಟ ಬಿಡುವ ಮನಸ್ಸೇ ಇರುವುದಿಲ್ಲ ಅಲ್ವಾ, ಹಾಗೆಂದುಕೊಂಡೆ.

ಅವಳ ಅಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಕರೆದ್ರೆ ತಿರುಗ್ತಾಳೆ ಮೇಡಂ. ಆದ್ರೆ ನಾವು ಹೇಳೋದು ಒಂದು, ಇವಳು ಮಾಡೋದು ಇನ್ನೊಂದು. ಸಕಾರಾನೂ ಬರಲ್ಲ" ಎಂದರು. ಕಿವಿ ಸರಿ ಇದೆ ಎಂದು ಬರೆದು, ಉಚ್ಚಾರಣೆಗೆ ಸ್ಪೀಚ್ ಥೆರಪಿ ಸೂಚಿಸಿ ಕಳಿಸಿದೆ.

ಕೆಲವು ತಿಂಗಳ ನಂತರ ಅವರು ಮತ್ತೆ ಬಂದರು. ಸಕಾರ ಒಂದಿಷ್ಟೂ ಸುಧಾರಿಸಿರಲಿಲ್ಲ. ಈ ಸಲ ನನ್ನ ಹಿರಿಯ ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಲು ಕೇಳಿಕೊಂಡೆ. 4000 ಹರ್ಟ್ಜ್‌ಗೆ ಬಂದಾಗ ಅವರು ಮೆಲ್ಲಗೆ, "ಸೌಂಡ್ ಪೂರ್ತಿ ಕಡಿಮೆ ಮಾಡಿ ಬಟನ್ ಒತ್ತು" ಎಂದರು. ಒತ್ತಿದೆ. ಹೆಡ್‌ಫೋನ್‌ನಲ್ಲಿ ಸದ್ದೇ ಇಲ್ಲ. ಹುಡುಗಿ ನನ್ನ ಮುಖ ನೋಡಿದಳು, ನಕ್ಕಳು, ಮಣಿ ಹಾಕಿದಳು.

ಅವಳು ಮೋಸ ಮಾಡುತ್ತಿರಲಿಲ್ಲ. ಮೊದಲು ಕೊಟ್ಟ 1000 ಹರ್ಟ್ಜ್ ಸದ್ದು ಅವಳಿಗೆ ನಿಜವಾಗಿಯೂ ಕೇಳಿಸಿತ್ತು. ಅಷ್ಟರಲ್ಲೇ ನನ್ನ ತಾಳ ಅವಳಿಗೆ ಸಿಕ್ಕಿಬಿಟ್ಟಿತ್ತು. ನಾನು ಹೆಚ್ಚುಕಡಿಮೆ ಮೂರು ಸೆಕೆಂಡಿಗೊಮ್ಮೆ ಬಟನ್ ಒತ್ತುತ್ತಿದ್ದೆ. ಒತ್ತುವ ಮುಂಚೆ ತಲೆ ಎತ್ತಿ ಅವಳನ್ನು ನೋಡುತ್ತಿದ್ದೆ. ಆ ನೋಟವೇ ಅವಳಿಗೆ 'ಹಾಕು' ಎಂಬ ಸೂಚನೆ. ಸರಿಯಾಗಿ ಕೇಳಿಸದ ಮಕ್ಕಳು ಎದುರಿನವರ ಮುಖ ಓದುವುದರಲ್ಲಿ ತುಂಬಾ ಚುರುಕು. ದಿನವಿಡೀ ಅವರು ಮಾಡುವುದು ಅದನ್ನೇ. ನಾನು ಅವಳ ಕಿವಿಯನ್ನು ಅಳೆದಿರಲಿಲ್ಲ, ನನ್ನ ಕೈಯನ್ನು ಅಳೆದಿದ್ದೆ.

ಅವಳನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕೂರಿಸಿ, ಬಿಡುವುಗಳನ್ನು ಬದಲಿಸುತ್ತಾ ಮತ್ತೆ ಮೊದಲಿನಿಂದ ಮಾಡಿದೆವು. 500, 1000ದಲ್ಲಿ 15 ಡೆಸಿಬಲ್. 2000ದಲ್ಲಿ 30. 4000ದಲ್ಲಿ 55. 8000ದಲ್ಲಿ 60. ಎರಡೂ ಕಿವಿಯಲ್ಲಿ ಗೆರೆ ಇಳಿಜಾರಾಗಿ ಕೆಳಗೆ ಜಾರಿತು. ಸಕಾರದ ಶಕ್ತಿಯೆಲ್ಲ ಇರುವುದು ಆ ಎತ್ತರದ ಫ್ರೀಕ್ವೆನ್ಸಿಗಳಲ್ಲೇ. ಸ್ವರಗಳು ಕೆಳಗಿನವುಗಳಲ್ಲಿ ಸಿಕ್ಕಿಬಿಡುತ್ತವೆ. ಅದಕ್ಕೇ ಕರೆದರೆ ತಿರುಗುತ್ತಿದ್ದಳು, ಹೇಳಿದ್ದು ಮಾತ್ರ ಅರ್ಧ ಸಿಗುತ್ತಿತ್ತು. ಕೇಳಿಸದ ಅಕ್ಷರವನ್ನು ನಾಲಿಗೆಗೆ ಕಲಿಸಲು ತಿಂಗಳುಗಟ್ಟಲೆ ಆ ಮಗುವನ್ನು ಕೂರಿಸಿದ್ದೆವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

1976ರಲ್ಲಿ ಶ್ರವಣ ತಜ್ಞರಾದ ಜೇಮ್ಸ್ ಜರ್ಗರ್ ಮತ್ತು ಡೆಬೊರಾ ಹೇಯ್ಸ್ 'ಕ್ರಾಸ್ ಚೆಕ್' ತತ್ವವನ್ನು ಮುಂದಿಟ್ಟರು. ಮಕ್ಕಳ ಶ್ರವಣ ಪರೀಕ್ಷೆಯಲ್ಲಿ ಯಾವುದೇ ಒಂದು ಫಲಿತಾಂಶವನ್ನು, ಬೇರೊಂದು ಸ್ವತಂತ್ರ ಪರೀಕ್ಷೆ ಹೌದೆನ್ನುವವರೆಗೆ ಒಪ್ಪಬೇಡಿ ಎನ್ನುತ್ತದೆ ಅದು. ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೆ ಮೊದಲ ದಿನ ಮಾಡಲಿಲ್ಲ.

ಈ ಸಲ ಮಾಡಿದೆವು. ಕಿವಿಯೊಳಗೆ ಗುಗ್ಗೆ ಇರಲಿಲ್ಲ. ಟಿಂಪನೋಮೆಟ್ರಿ ಸರಿಯಾಗಿತ್ತು, ಅಂದರೆ ಕಿವಿತಮಟೆಯ ಹಿಂದೆ ನೀರು ತುಂಬಿಲ್ಲ. ಆಮೇಲೆ ಓಎಇ (ಒಟೋಅಕೌಸ್ಟಿಕ್ ಎಮಿಷನ್) ಪರೀಕ್ಷೆ. ಒಳಕಿವಿಯ ಹೊರಸಾಲಿನ ಕೂದಲ ಕೋಶಗಳು ಚೆನ್ನಾಗಿದ್ದರೆ ಕಿವಿಯೇ ಒಂದು ಸಣ್ಣ ಪ್ರತಿಧ್ವನಿ ಕೊಡುತ್ತದೆ. 1978ರಲ್ಲಿ ಡೇವಿಡ್ ಕೆಂಪ್ ಇದನ್ನು ತೋರಿಸಿಕೊಟ್ಟರು. ಇದಕ್ಕೆ ಮಗು ಮಣಿ ಹಾಕಬೇಕಿಲ್ಲ, ಸುಮ್ನೆ ಕೂತರೆ ಸಾಕು. ಅವಳ ಕಿವಿ ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಉತ್ತರ ಕೊಟ್ಟಿತು, 4000ದ ಸುತ್ತ ಏನೂ ಇಲ್ಲ. ಮೊದಲ ದಿನವೇ ಇದನ್ನು ಮಾಡಿದ್ದರೆ ನನ್ನ ನೇರ ಗೆರೆಯ ಆಡಿಯೋಗ್ರಾಮ್ ಅಲ್ಲೇ ಬಿದ್ದುಹೋಗುತ್ತಿತ್ತು.

ಹಾಗಂತ ಓಎಇ ಒಂದನ್ನೇ ನಂಬುವಂತೆಯೂ ಇಲ್ಲ. ಕೆಲವು ಮಕ್ಕಳಲ್ಲಿ ಓಎಇ ಚೆನ್ನಾಗಿ ಬರುತ್ತದೆ, ಆದರೆ ನರದ ಸ್ಪಂದನೆ ಅಳೆಯುವ ಎಬಿಆರ್‌ನಲ್ಲಿ ಅಲೆಗಳೇ ಕಾಣುವುದಿಲ್ಲ. ಆಡಿಟರಿ ನ್ಯೂರೋಪತಿ, ಅಂದರೆ ಕಿವಿಯಿಂದ ಮಿದುಳಿಗೆ ಸದ್ದು ಒಯ್ಯುವ ದಾರಿಯಲ್ಲಿ ತೊಂದರೆ ಇರುವಾಗ ಹೀಗಾಗುತ್ತದೆ. ಒಂದೇ ಪರೀಕ್ಷೆ ನೋಡಿ ಕಳಿಸಿದರೆ ಆ ಮಗುವೂ ಕೈತಪ್ಪಿ ಹೋಗುತ್ತದೆ.

ಮುಂದೆ ಸ್ನಾತಕೋತ್ತರ ಪ್ರಬಂಧಕ್ಕೆ ನಾನು ಇದನ್ನೇ ಆರಿಸಿಕೊಂಡೆ. ಪ್ರತಿ ಮಗುವನ್ನೂ ಎರಡು ಸಲ ಪರೀಕ್ಷಿಸುವುದು, ಒಮ್ಮೆ ನನ್ನ ಹಳೇ ತಾಳದಲ್ಲಿ, ಒಮ್ಮೆ ತಾಳ ಮುರಿದು. ಎರಡನ್ನೂ ವಿಡಿಯೋ ಮಾಡಿ ನೋಡುತ್ತಿದ್ದೆ. ನನ್ನ ಭುಜ ಎಷ್ಟು ಮಾತಾಡುತ್ತದೆ ಎಂದು ಗೊತ್ತಾಗಿದ್ದು ಆಗಲೇ. ಅಂದಿನಿಂದ ಬಟನ್ ಮುಂದೆ ಒಂದು ರಟ್ಟು ನಿಲ್ಲಿಸುತ್ತೇನೆ. ಮಗು ಕೇಳಿಸಿತು ಎಂದರೆ 10 ಡೆಸಿಬಲ್ ಇಳಿಸು, ಇಲ್ಲವೆಂದರೆ 5 ಏರಿಸು ಎಂಬ ಕ್ರಮ ಎಲ್ಲರಿಗೂ ಗೊತ್ತಿರುವುದೇ. ನಾನು ಅದರ ನಡುವೆ ಸದ್ದಿಲ್ಲದ ಬಾರಿಗಳನ್ನು ಸೇರಿಸುತ್ತೇನೆ. ಆಗಲೂ ಮಣಿ ಬಿದ್ದರೆ ನಿಲ್ಲಿಸಿ, ಆಟವನ್ನು ಮತ್ತೆ ಹೇಳಿಕೊಡುತ್ತೇನೆ. ಕೊನೆಗೆ 1000 ಹರ್ಟ್ಜ್‌ಗೆ ವಾಪಸ್ ಬಂದು ನೋಡುತ್ತೇನೆ. ಮೊದಲಿನದಕ್ಕೂ ಇದಕ್ಕೂ 5 ಡೆಸಿಬಲ್ ವ್ಯತ್ಯಾಸ ಸಹಜ. ಅದಕ್ಕಿಂತ ಜಾಸ್ತಿ ಆದರೆ ಉಳಿದದ್ದನ್ನೂ ನಂಬುವುದಿಲ್ಲ.

ಮಾತಿನ ಪರೀಕ್ಷೆಯಲ್ಲೂ ಇದೇ ಅಪಾಯವಿದೆ ಎಂದು ಆಮೇಲೆ ಹೊಳೆಯಿತು. ಆಡಿಯೋಗ್ರಾಮ್ ನೋಡಿ ಕೂತರೆ ಮಗುವಿನ 'ಸರ' ನನಗೆ 'ತರ' ಎಂದೇ ಕೇಳಿಸುತ್ತದೆ. ಚೆನ್ನಾಗಿ ಕೇಳಿಸುವ ಮಗು ಎಂದು ಗೊತ್ತಿದ್ದರೆ ಅದೇ ಉಚ್ಚಾರಣೆಗೆ ಸರಿ ಗುರುತು ಹಾಕಿರುತ್ತೇನೆ. ಅದಕ್ಕೇ ರೆಕಾರ್ಡ್ ಮಾಡಿ, ಮಗುವಿನ ಬಗ್ಗೆ ಏನೂ ತಿಳಿಯದ ಇನ್ನೊಬ್ಬರಿಗೂ ಕೇಳಿಸುತ್ತೇನೆ. ಇಬ್ಬರ ಗುರುತುಗಳು ಎಷ್ಟು ಸಲ ಹೊಂದಿದವು ಎಂದು ಎಣಿಸಿದರಷ್ಟೇ ಸಾಲದು. ಬಹುಪಾಲು ಪದಗಳು ಸರಿಯೇ ಇದ್ದರೆ, ಕಣ್ಣು ಮುಚ್ಚಿ 'ಸರಿ' ಎಂದು ಬರೆದವರ ಗುರುತೂ ಹೊಂದುತ್ತದೆ. ಆ ಆಕಸ್ಮಿಕ ಹೊಂದಿಕೆಯನ್ನು ಕಳೆದು ನೋಡುವ ಕಪ್ಪಾ ಅಳತೆಯನ್ನು ಜೇಕಬ್ ಕೋಹೆನ್ 1960ರಲ್ಲೇ ಕೊಟ್ಟಿದ್ದಾರೆ. ನಾನು ಅದನ್ನು ಬಳಸುತ್ತೇನೆ. ಹೊಂದದ ಪದಗಳನ್ನು ಇಬ್ಬರೂ ಕೂತು ಮತ್ತೆ ಕೇಳುತ್ತೇವೆ. ನಿಜವಾಗಿ ಕಲಿಯುವುದು ಅಲ್ಲೇ.

ಎಬಿಆರ್ ಕೂಡ ಆದ ಮೇಲೆ ಆ ಹುಡುಗಿಗೆ ಎರಡೂ ಕಿವಿಗೆ ಶ್ರವಣ ಸಾಧನ ಹಾಕಿದೆವು. ಹೊಂದಿಸಿ ಮುಗಿದಾಗ ಡಬ್ಬಿ ಮತ್ತು ಮಣಿಗಳನ್ನು ಮತ್ತೆ ಮುಂದಿಟ್ಟೆ. ಅವಳ ಅಮ್ಮನಿಗೆ ತೆಳು ಬಟ್ಟೆ ಬಿಗಿದ ಬಳೆಯೊಂದನ್ನು ಕೊಟ್ಟು, ಬಾಯಿಗೆ ಅಡ್ಡ ಹಿಡಿಯಲು ಹೇಳಿದೆ. ಕೈ ಅಥವಾ ಕಾಗದ ಅಡ್ಡ ಹಿಡಿದರೆ ಸಕಾರವೇ ಮಂಕಾಗುತ್ತದೆ, ಬಟ್ಟೆಯಾದರೆ ತುಟಿ ಮಾತ್ರ ಮರೆಯಾಗುತ್ತದೆ.

"ಹಾಕು" ಎಂದರು ಅಮ್ಮ. ಮಣಿ ಬಿತ್ತು. "ಹಾಕು." ಮತ್ತೊಂದು. "ಸಾಕು."

ಹುಡುಗಿಯ ಕೈ ಡಬ್ಬಿಯ ಮೇಲೆ ನಿಂತಿತು. ಮಣಿಯನ್ನು ಬೆರಳಲ್ಲೇ ಹಿಡಿದುಕೊಂಡು ಅಮ್ಮನ ಕಡೆ ತಿರುಗಿದಳು.